ಧರ್ಮವನ್ನು ವಿಶ್ವವಿದ್ಯಾಲಯದಲ್ಲಿ ಓದಬೇಕೆ?



ಮಗ ಎಂಜಿನಿಯರಿಂಗ್ ಓದುತ್ತೇನೆಂದರೆ ನಮ್ಮ ಹಳ್ಳಿಯ ಹಿರಿಯರು ಹೊಲ ಒತ್ತೆ ಇಟ್ಟಾದರೂ ಕಳುಹಿಸುತ್ತಾರೆ. ಅದೇ ಮಗ ಧರ್ಮ, ತತ್ತ್ವಶಾಸ್ತ್ರಗಳನ್ನು ಆರಿಸಿಕೊಂಡು ಎಂ.ಎ. ಮಾಡುತ್ತೇನೆಂದರೆ, 'ಅದಕ್ಕೆ ಮಠವಿಲ್ಲವೇ, ವಿಶ್ವವಿದ್ಯಾಲಯವೇಕೆ? ಅಲ್ಲಿ ಓದಿ ಕೊರಳ ಲಿಂಗ ಬಿಚ್ಚಿಟ್ಟು ಬಂದರೆ ಗತಿಯೇನು?' ಎಂದು ಕೇಳುತ್ತಾರೆ. ಹೊಟ್ಟೆಪಾಡಿನ ಚಿಂತೆ ಒಂದು ಕಡೆ, ಭಕ್ತಿ ಹೋದೀತೆಂಬ ಭಯ ಇನ್ನೊಂದು ಕಡೆ. ಭಯದ ಮಾತನ್ನು ಮೊದಲು ನೋಡೋಣ.

ದೀಕ್ಷೆ ಬೇರೆ, ಅಧ್ಯಯನ ಬೇರೆ. ಗುರುವು ಶಿಷ್ಯನ ಕರಸ್ಥಲಕ್ಕೆ ಇಷ್ಟಲಿಂಗವನ್ನು ಕರುಣಿಸುವುದು ಸಂಸ್ಕಾರ. ಅದನ್ನು ಯಾವ ಪ್ರಾಧ್ಯಾಪಕನೂ ಕೊಡಲಾರ. ಕೊಡಲೆಂದು ಬಯಸುವುದೂ ಸಲ್ಲದು. ಆದರೆ ಶಂಕರಾಚಾರ್ಯರ ಅದ್ವೈತಕ್ಕೂ ನಮ್ಮ ಶಕ್ತಿವಿಶಿಷ್ಟಾದ್ವೈತಕ್ಕೂ ಭೇದವೆಲ್ಲಿ, ಒಂದೇ ವಚನಕ್ಕೆ ಬೇರೆ ಬೇರೆ ಓಲೆಪ್ರತಿಗಳಲ್ಲಿ ಬೇರೆ ಬೇರೆ ಪಾಠಗಳಿದ್ದರೆ ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂಬಿವು ಬುದ್ಧಿಯಿಂದ ಬಿಡಿಸಬೇಕಾದ ಗಂಟುಗಳು. ಇವನ್ನು ಬಿಡಿಸಲು ಗುರುಕೃಪೆಯ ಜೊತೆಗೆ ವ್ಯಾಕರಣವೂ ಬೇಕು, ಇತಿಹಾಸವೂ ಬೇಕು.

ಇದು ನಮ್ಮವರಿಗೆ ಹೊಸತೂ ಅಲ್ಲ. ಕಾಶಿಯ ಜಂಗಮವಾಡಿ ಮಠದಲ್ಲಿದ್ದುಕೊಂಡು ಅಲ್ಲಿನ ಸಂಪೂರ್ಣಾನಂದ ಸಂಸ್ಕೃತ ವಿಶ್ವವಿದ್ಯಾಲಯದಲ್ಲಿ ಶಾಸ್ತ್ರಿ, ಆಚಾರ್ಯ ಪದವಿ ಪಡೆದು ಬಂದ ವಟುಗಳು ಇದ್ದಾರೆ. 1791ರಲ್ಲಿ ಪಾಠಶಾಲೆಯಾಗಿ ಹುಟ್ಟಿದ ಆ ಸಂಸ್ಥೆ 1958ರಲ್ಲಿ ವಿಶ್ವವಿದ್ಯಾಲಯವಾಯಿತು. ಡಾ. ಎಸ್.ಸಿ. ನಂದಿಮಠರು ಲಂಡನ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದವರು. ವೀರಶೈವವನ್ನು ಕುರಿತು ಅವರು ಇಂಗ್ಲಿಷಿನಲ್ಲಿ ಬರೆದ ಗ್ರಂಥ 1942ರಲ್ಲಿ ಪ್ರಕಟವಾಯಿತು. ಅವರು ಸಮುದ್ರ ದಾಟಿದ್ದರಿಂದ ಧರ್ಮಕ್ಕೆ ಏನೂ ಕುಂದಾಗಲಿಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವು 1965ರಿಂದ 1972ರ ಅವಧಿಯಲ್ಲಿ ಶೂನ್ಯಸಂಪಾದನೆಯನ್ನು ಇಂಗ್ಲಿಷ್ ಅನುವಾದದೊಡನೆ ಐದು ಸಂಪುಟಗಳಲ್ಲಿ ಹೊರತಂದಿತು. ಒಂದೇ ಮಠದ ಕೈಲಿ ಆಗುವ ಕೆಲಸವೇ ಅದು? 1923ರಲ್ಲಿ ವಚನಶಾಸ್ತ್ರಸಾರವನ್ನು ಅಚ್ಚು ಹಾಕಿಸಿದ ಫ.ಗು. ಹಳಕಟ್ಟಿಯವರಂತೂ ವಿಜಾಪುರದ ವಕೀಲರು. ಜಗುಲಿಯ ಮೇಲಿಟ್ಟು ವಿಭೂತಿ ಹಚ್ಚಿ ಪೂಜಿಸುತ್ತಿದ್ದ ಕಟ್ಟುಗಳನ್ನು ಅವರು ಬಿಚ್ಚಿ ಓದಿದರು. ಪೂಜೆಯೊಂದರಿಂದಲೇ ಓಲೆಗರಿಗೆ ಹುಳು ಬೀಳುವುದು ನಿಲ್ಲುವುದಿಲ್ಲ.

ಸರ್ಕಾರ ಇದನ್ನು ಒಪ್ಪುತ್ತದೆಯೇ ಎಂದು ಕೆಲವರ ಪ್ರಶ್ನೆ. ಸಂವಿಧಾನದ 28ನೆಯ ವಿಧಿಯು ಪೂರ್ತಿಯಾಗಿ ಸರ್ಕಾರದ ಹಣದಿಂದ ನಡೆಯುವ ಶಿಕ್ಷಣ ಸಂಸ್ಥೆಗಳಲ್ಲಿ ಧಾರ್ಮಿಕ ಬೋಧನೆ ಕೂಡದೆನ್ನುತ್ತದೆ. ಆದರೆ ಬೋಧನೆ ಬೇರೆ, ಧರ್ಮದ ಕುರಿತಾದ ಅಧ್ಯಯನ ಬೇರೆ. ಅಮೃತಸರದ ವಿಶ್ವವಿದ್ಯಾಲಯದಲ್ಲಿ ಗುರುನಾನಕರ ಜೀವನ ಮತ್ತು ಉಪದೇಶಗಳನ್ನು ಅಧ್ಯಯನ ಮಾಡುವುದು ಧಾರ್ಮಿಕ ಬೋಧನೆಯಾಗದೆಂದು ಸರ್ವೋಚ್ಚ ನ್ಯಾಯಾಲಯ 1971ರಲ್ಲಿ ಹೇಳಿತು. 2002ರಲ್ಲಿ ಶಾಲಾ ಪಠ್ಯಕ್ರಮದ ಮೊಕದ್ದಮೆಯಲ್ಲಿಯೂ ಈ ಭೇದವನ್ನು ಎತ್ತಿಹಿಡಿಯಿತು. ಆದ್ದರಿಂದ ದಾರಿ ತೆರೆದೇ ಇದೆ.

ಇನ್ನು ಕಠಿಣವಾದ ಮಾತು. ಸಂಶೋಧಕನು ನಮಗೆ ಹಿತವಲ್ಲದ್ದನ್ನು ಹೇಳಿದರೆ? ಡಾ. ಎಂ.ಎಂ. ಕಲಬುರ್ಗಿಯವರ 'ಮಾರ್ಗ' ಗ್ರಂಥದ ಕೆಲವು ಬರಹಗಳ ಬಗ್ಗೆ ದೊಡ್ಡ ಗದ್ದಲವೆದ್ದು, 1989ರಲ್ಲಿ ಅವರು ಒತ್ತಡಕ್ಕೆ ಸಿಲುಕಿ ಮಾತು ಹಿಂತೆಗೆದುಕೊಂಡರು. ಸರ್ಕಾರ ಪ್ರಕಟಿಸಿದ ಸಮಗ್ರ ವಚನ ಸಂಪುಟಗಳಿಗೆ ಪ್ರಧಾನ ಸಂಪಾದಕರಾಗಿದ್ದವರು ಅವರೇ. 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯ ಬಾಗಿಲಲ್ಲೇ ಅವರನ್ನು ಗುಂಡಿಟ್ಟು ಕೊಂದರು. ಅವರ ಎಲ್ಲ ನಿರ್ಣಯಗಳೂ ನಮಗೆ ಒಪ್ಪಿತವಲ್ಲ. ಆಗಮಗಳ ಪ್ರಾಚೀನತೆಯ ವಿಷಯದಲ್ಲಿ, ಪಂಚಾಚಾರ್ಯ ಪರಂಪರೆಯ ವಿಷಯದಲ್ಲಿ ನಮ್ಮ ನಿಲುವೇ ಬೇರೆ. ಆದರೆ ಆ ಬೇರೆತನವನ್ನು ಆಧಾರ ಸಹಿತ ಬರೆದು ತೋರಿಸಬೇಕಾದವರು ನಾವು. ಅದಕ್ಕೆ ಶಾಸನ ಓದಬಲ್ಲ, ಹಸ್ತಪ್ರತಿ ತಾಳೆ ನೋಡಬಲ್ಲ ಹುಡುಗರು ಬೇಕು. ಅಂಥವರನ್ನು ಬೆಳೆಸದೆ ಮೆರವಣಿಗೆ ತೆಗೆದರೆ ನಮ್ಮಲ್ಲಿ ಉತ್ತರವಿಲ್ಲವೆಂದು ನಾವೇ ಡಂಗುರ ಹೊಡೆದಂತೆ.

ವಿಶ್ವವಿದ್ಯಾಲಯಗಳಲ್ಲಿ ಎಲ್ಲವೂ ಸರಿಯಾಗಿದೆಯೆಂದು ನಾವು ಹೇಳುವುದಿಲ್ಲ. ಶರಣರ, ದಾಸರ, ಸಂತರ ಹೆಸರಿನಲ್ಲಿ ಪೀಠಗಳಿವೆ. ಕೆಲವು ದುಡಿಯುತ್ತಿವೆ, ಕೆಲವು ಜಯಂತಿಯ ದಿನ ಭಾವಚಿತ್ರಕ್ಕೆ ಹಾರ ಹಾಕಿ ಮರುದಿನ ಬೀಗ ಹಾಕುತ್ತವೆ. ಮತ್ತೆ ಅಲ್ಲಿ ಓದಲು ಬರುವವರೂ ಹೆಚ್ಚಾಗಿ ಆಯಾ ಸಮಾಜದವರೇ. ಮೈಸೂರು ವಿಶ್ವವಿದ್ಯಾಲಯದಲ್ಲಿ ಜೈನಶಾಸ್ತ್ರಕ್ಕೂ ಕ್ರೈಸ್ತಧರ್ಮಕ್ಕೂ ವಿಭಾಗಗಳಿವೆ. ನಮ್ಮ ಹುಡುಗ ಅಲ್ಲಿ ಪ್ರಾಕೃತ ಕಲಿತರೆ ತಪ್ಪೇನು? ಕ್ರೈಸ್ತರ ವ್ಯವಸ್ಥೆಯನ್ನೂ ನೋಡಿ. ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ 1847ರಲ್ಲಿಯೇ ದೇವಶಾಸ್ತ್ರದ ಶಾಲೆ ತೆರೆದರು. ಬೆಂಗಳೂರಿನಲ್ಲಿ 1910ರಲ್ಲಿ ಅಂಥದೇ ಕಾಲೇಜು ಹುಟ್ಟಿತು. ಪಾದ್ರಿಯಾಗುವವನು ಅಲ್ಲಿ ವರ್ಷಗಟ್ಟಲೆ ಓದುತ್ತಾನೆ. ಅವರ ಪದವಿಗಳಲ್ಲಿ ಹೀಬ್ರೂ, ಗ್ರೀಕ್ ಭಾಷೆಗಳಿಗೂ ಸ್ಥಾನವಿದೆ. ನಮ್ಮಲ್ಲಿ ಹಳಗನ್ನಡದ ಒಂದು ಪುಟ ತಡವರಿಸದೆ ಓದಲಾರದವನೂ ವೇದಿಕೆ ಹತ್ತಿ ಎರಡು ತಾಸು ಪ್ರವಚನ ಹೇಳುತ್ತಾನೆ, ಭಕ್ತರು ಚಪ್ಪಾಳೆ ತಟ್ಟುತ್ತಾರೆ.

ಹೊಟ್ಟೆಪಾಡಿನ ಮಾತಿಗೆ ಬರೋಣ. ಧರ್ಮಶಾಸ್ತ್ರ ಓದಿದವನಿಗೆ ನೌಕರಿ ಕಡಿಮೆ, ಅದು ನಿಜ. ಅಧ್ಯಾಪಕ ಹುದ್ದೆಗಳು ವರ್ಷಗಟ್ಟಲೆ ಖಾಲಿ ಬಿದ್ದಿರುತ್ತವೆ. ಇದರ ಹೊರೆಯನ್ನು ಬಡ ತಂದೆಯೊಬ್ಬನ ತಲೆಯ ಮೇಲೆ ಹೊರಿಸುವುದು ನ್ಯಾಯವಲ್ಲ. ಮಠಗಳು, ಉಳ್ಳ ಭಕ್ತರು ಹೊರಬೇಕು. ಜಾತ್ರೆಯಲ್ಲಿ ಒಂದೇ ರಾತ್ರಿ ಮದ್ದಿಗೆ ಸುಡುವ ಹಣದಲ್ಲಿ ಒಬ್ಬ ವಿದ್ಯಾರ್ಥಿ ಎರಡು ವರ್ಷ ಉಂಡು ಓದುತ್ತಾನೆ. ವಿದ್ಯಾರ್ಥಿನಿಯಾದರೂ ಅಷ್ಟೇ. ಅಕ್ಕಮಹಾದೇವಿಯ ವಚನಗಳನ್ನು ಬಾಯಿಪಾಠ ಮಾಡಿಸಿದ ಮನೆಯಲ್ಲಿ ಮಗಳಿಗೆ ಆ ವಚನಗಳ ಮೇಲೆ ಸಂಶೋಧನೆ ಬೇಡವೆನ್ನುವುದು ವಿಚಿತ್ರ.

ಮನೆಯ ಅಟ್ಟದ ಮೇಲೆ ತಾಳೆಗರಿಯ ಕಟ್ಟುಗಳಿದ್ದವರು ಈ ಮಳೆಗಾಲಕ್ಕೆ ಮುಂಚೆ ಕೆಳಗಿಳಿಸಿ ನೋಡಿರಿ. ಅವನ್ನು ಹೊಳೆಗೆ ಬಿಡಬೇಡಿರಿ. ಹತ್ತಿರದ ವಿಶ್ವವಿದ್ಯಾಲಯದ ಕನ್ನಡ ವಿಭಾಗದವರಿಗೆ ತೋರಿಸಿ, ಪ್ರತಿ ಮಾಡಿಸಿಕೊಂಡು, ಮೂಲವನ್ನು ಮನೆಯಲ್ಲೇ ಇಟ್ಟುಕೊಳ್ಳಬಹುದು.