ಮರಗಪ್ಪೆ ಪೊರೆ ಬಿಟ್ಟರೆ ಔಷಧಿ ಹಚ್ಚಬೇಡಿ

ಮಳೆಗಾಲ ಶುರುವಾಯಿತೆಂದರೆ ನಮ್ಮ ಕಡೆ ಮಕ್ಕಳಿಗೆ ಮರಗಪ್ಪೆ ಹಿಡಿಯುವ ಹುಚ್ಚು. ಬಚ್ಚಲುಮನೆಯ ಗೋಡೆ, ಬಾಳೆಯ ಸುಳಿ, ಪಂಪ್‌ಶೆಡ್ಡಿನ ಸ್ವಿಚ್ ಬೋರ್ಡಿನ ಹಿಂಬದಿ, ಎಲ್ಲಿ ಸಿಕ್ಕರೂ ಹಿಡಿದು ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಮುಚ್ಚಳಕ್ಕೆ ನಾಲ್ಕು ತೂತು ಹೊಡೆದರೆ ಸಾಕಣೆ ಶುರು. ಪೇಟೆಯಲ್ಲಿ ದುಡ್ಡು ಕೊಟ್ಟು ವಿದೇಶಿ ಕಪ್ಪೆ ತಂದು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುವವರೂ ಇದ್ದಾರೆ. ಸಾಕಿದ ಮೇಲೆ ಎರಡು ಪ್ರಶ್ನೆ ಬಂದೇ ಬರುತ್ತವೆ. "ಚರ್ಮ ಸುಲಿದು ಬರ್ತಾ ಇದೆ, ಏನು ರೋಗ?" ಅಂತ ಒಂದು. "ಮಣ್ಣಲ್ಲಿ ಹೂತುಕೊಂಡು ಕೂತಿದೆ, ಸಾಯ್ತದಾ?" ಅಂತ ಇನ್ನೊಂದು. ಕಪ್ಪೆಗೆ ತೊಂದರೆ ಆಗುವುದು ಹೆಚ್ಚಾಗಿ ಈ ಎರಡರಿಂದಲ್ಲ, ಇವಕ್ಕೆ ಹೆದರಿ ನಾವು ಮಾಡುವ ಉಪಚಾರದಿಂದ ಅನ್ನುವುದು ನನ್ನ ಅಭಿಪ್ರಾಯ.

ಹಾವು ಪೊರೆ ಬಿಡುವುದು ಎಲ್ಲರಿಗೂ ಗೊತ್ತು, ಬೇಲಿಯಲ್ಲಿ ಸಿಕ್ಕಿದ ಪೊರೆ ನೋಡಿರುತ್ತೇವೆ. ಕಪ್ಪೆಯೂ ಬಿಡುತ್ತದೆ, ಅದೂ ಹಾವಿಗಿಂತ ಎಷ್ಟೋ ಹೆಚ್ಚು ಸಲ. ಜಾತಿ ಮತ್ತು ಸೆಕೆ ನೋಡಿಕೊಂಡು ಕೆಲವು ದಿನಕ್ಕೊಮ್ಮೆಯೋ ಕೆಲವು ವಾರಕ್ಕೊಮ್ಮೆಯೋ ನಡೆಯುವ ಕೆಲಸ ಇದು. ನಮಗೆ ಕಾಣಸಿಗದಿರುವುದಕ್ಕೆ ಕಾರಣ ಎರಡು: ಹೆಚ್ಚಾಗಿ ರಾತ್ರಿ ನಡೆಯುತ್ತದೆ, ಮತ್ತು ಬಿಟ್ಟ ಪೊರೆಯನ್ನು ಕಪ್ಪೆ ತಾನೇ ತಿಂದು ಮುಗಿಸುತ್ತದೆ. ಬೆನ್ನು ಗೂನು ಮಾಡಿ, ಮೈ ಉಬ್ಬಿಸಿ, ಬಾಯಿ ಕಳೆದು ಮುಚ್ಚಿ, ಹಿಂಗಾಲಿನಿಂದ ಪಕ್ಕೆ ತಿಕ್ಕಿ, ಕೊನೆಗೆ ಮುಂಗೈಯಿಂದ ತಲೆಯ ಮೇಲಿಂದ ಬನಿಯನ್ ಎಳೆದ ಹಾಗೆ ತೆಳ್ಳನೆಯ ಚರ್ಮ ಎಳೆದು ನುಂಗುತ್ತದೆ. ಮೊದಲ ಸಲ ನೋಡಿದವರಿಗೆ ವಾಂತಿಗೆ ಒದ್ದಾಡುತ್ತಿದೆ ಅನ್ನಿಸಿದರೆ ತಪ್ಪೇನಿಲ್ಲ. ಕೆಲವೇ ನಿಮಿಷದಲ್ಲಿ ಎಲ್ಲ ಮುಗಿದು ಹೊಸ ಮೈ ಹೊಳೆಯುತ್ತದೆ.

ನಮ್ಮ ಮನೆಗಳಿಗೆ ಬರುವ ಕಂದು ಬಣ್ಣದ ಸಾಮಾನ್ಯ ಮರಗಪ್ಪೆಗೆ (ಪಾಲಿಪೆಡೇಟ್ಸ್ ಮ್ಯಾಕ್ಯುಲೇಟಸ್) ಇನ್ನೊಂದು ಅಭ್ಯಾಸ ಉಂಟು. ಚರ್ಮದಿಂದ ಜಿಡ್ಡಿನಂಥ ದ್ರವ ಒಸರಿಸಿ, ಕೈಕಾಲಿನಿಂದ ಮೈಗೆಲ್ಲ ಸವರಿಕೊಳ್ಳುತ್ತದೆ. ಮೈಯ ನೀರು ಬೇಗ ಆರಿಹೋಗದಿರಲಿ ಅಂತ. ನಾವು ಚಳಿಗಾಲದಲ್ಲಿ ಎಣ್ಣೆ ಹಚ್ಚಿಕೊಳ್ಳುವ ಹಾಗೇ. ಅದನ್ನೂ ತುರಿಕೆ ಅಂತ ತಿಳಿದು ಅರಿಶಿನ, ಬೇವಿನೆಣ್ಣೆ, ಮನುಷ್ಯರ ಮುಲಾಮು ಹಚ್ಚುವವರಿದ್ದಾರೆ.

ದಯವಿಟ್ಟು ಹಚ್ಚಬೇಡಿ. ಕಪ್ಪೆ ಬಾಯಿಂದ ನೀರು ಕುಡಿಯುವುದಿಲ್ಲ, ಹೊಟ್ಟೆಯ ಅಡಿಯ ಚರ್ಮದಿಂದ ಹೀರುತ್ತದೆ. ಉಸಿರಾಟದ ಒಂದು ಪಾಲೂ ಚರ್ಮದಿಂದಲೇ. ಹಚ್ಚಿದ್ದೆಲ್ಲ ಒಳಗೆ ಇಳಿಯುತ್ತದೆ. ನಮ್ಮ ಕೈಯಲ್ಲಿ ಏನಿದೆ ಎನ್ನುವುದೂ ಇಲ್ಲಿ ಮುಖ್ಯ. ಮಕ್ಕಳು ಕಪ್ಪೆ ಹಿಡಿಯುವ ಕಾಲವೂ ಅಡಿಕೆ ತೋಟಕ್ಕೆ ಬೋರ್ಡೋ ಹೊಡೆಯುವ ಕಾಲವೂ ಒಂದೇ. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು ಕಲಸಿದ ಕೈಯಲ್ಲಿ ಕಪ್ಪೆ ಮುಟ್ಟಿದರೆ ಅದರ ಗತಿ ಏನು? ತಾಮ್ರ ಗೊದಮೊಟ್ಟೆಗಳಿಗಂತೂ ನೇರ ವಿಷ. ಸೋಪು, ಸ್ಯಾನಿಟೈಸರ್, ಉಪ್ಪಿನ ಕೈಯೂ ಬೇಡ. ಮುಟ್ಟಲೇಬೇಕಾದರೆ ಬಾವಿ ನೀರಲ್ಲಿ ಚೆನ್ನಾಗಿ ತೊಳೆದ ಒದ್ದೆ ಕೈ ಸಾಕು. ಮುಟ್ಟಿದ ಮೇಲೆ ನಿಮ್ಮ ಕೈ ಸೋಪು ಹಾಕಿ ತೊಳೆದುಕೊಳ್ಳಿ, ಕಣ್ಣು ಉಜ್ಜಬೇಡಿ.

ಹಾಗಂತ ಚರ್ಮದ ರೋಗ ಇಲ್ಲವೇ ಇಲ್ಲ ಎನ್ನುತ್ತಿಲ್ಲ. ಪೊರೆ ಚೂರುಚೂರಾಗಿ ಮೈಗೇ ಅಂಟಿಕೊಂಡಿದ್ದರೆ, ಪದೇ ಪದೇ ಸುಲಿಯುತ್ತಲೇ ಇದ್ದರೆ, ಹೊಟ್ಟೆಯಡಿ ಕೆಂಪಾಗಿದ್ದರೆ, ಕವುಚಿ ಹಾಕಿದರೂ ಮೇಲೇಳದಿದ್ದರೆ ಅನುಮಾನ ಪಡಬೇಕು. ಕೈಟ್ರಿಡ್ ಎಂಬ ಶಿಲೀಂಧ್ರ ಜಗತ್ತಿನ ಎಷ್ಟೋ ಕಪ್ಪೆ ಜಾತಿಗಳನ್ನು ಮುಗಿಸಿದೆ, ಪಶ್ಚಿಮ ಘಟ್ಟದಲ್ಲೂ ಅದು ಪತ್ತೆಯಾಗಿದೆ. ಇದಕ್ಕೇ ನಾನು ಹೇಳುವುದು, ಒಂದು ಕೆರೆಯ ಕಪ್ಪೆ ಇನ್ನೊಂದು ಕೆರೆಗೆ ಬಿಡಬೇಡಿ, ಅಂಗಡಿಯಿಂದ ತಂದ ಕಪ್ಪೆಯನ್ನಾಗಲಿ ಅದರ ನೀರನ್ನಾಗಲಿ ತೋಟಕ್ಕೆ ಚೆಲ್ಲಬೇಡಿ.

ಇನ್ನು ಮಣ್ಣಿನ ವಿಷಯ. ಡಬ್ಬಿಯಲ್ಲಿರುವ ಕಪ್ಪೆ ಮಣ್ಣಿಗೆ ಇಳಿದರೆ ಮೊದಲು ಅದರ ಬೆರಳು ನೋಡಿ. ತುದಿಯಲ್ಲಿ ಗುಂಡಗಿನ ಬಿಲ್ಲೆ ಇದ್ದರೆ ಮರಗಪ್ಪೆ. ಬಿಲ್ಲೆ ಇಲ್ಲದೆ, ಹಿಂಗಾಲಿನ ಪಾದದ ಬುಡದಲ್ಲಿ ಸಲಿಕೆಯಂಥ ಗಟ್ಟಿ ಗಂಟು ಇದ್ದು, ಮೈ ಕಡುಬಿನ ಹಾಗೆ ದುಂಡಗಿದ್ದರೆ ಬಿಲ ತೋಡುವ ಕಪ್ಪೆ. ಅದು ಹಿಂದಕ್ಕೆ ಹಿಂದಕ್ಕೆ ಜಾರುತ್ತಾ ಮಣ್ಣೊಳಗೆ ಹೋಗುವುದು ಹುಟ್ಟುಗುಣ. ಬೇಸಿಗೆ ಪೂರ್ತಿ ನೆಲದಡಿ ಕಳೆದು ಮೊದಲ ಮಳೆಗೆ ಮೇಲೆ ಬರುತ್ತದೆ. ಮರಗಪ್ಪೆಗೆ ಆ ಸಲಿಕೆ ಇಲ್ಲ. ಅದು ಎತ್ತರ ಬಿಟ್ಟು ಮಣ್ಣಿಗೆ ಮೈ ಒತ್ತಿ ಕೂತಿದೆ ಎಂದರೆ ಸಾಮಾನ್ಯವಾಗಿ ಡಬ್ಬಿ ಒಣಗಿದೆ, ಇಲ್ಲವೇ ಕಾದಿದೆ, ಇಲ್ಲವೇ ಅಡಗಲು ಜಾಗವಿಲ್ಲ. ಅಗೆದು ಎಬ್ಬಿಸುವ ಬದಲು ನೆರಳಿಗೆ ಇಟ್ಟು ತೇವ ಮಾಡಿ. ಕ್ಲೋರಿನ್ ಹಾಕಿದ ನಲ್ಲಿ ನೀರು ಮಾತ್ರ ಬೇಡ.

ಪೊರೆಗೂ ಬಿಲಕ್ಕೂ ಸಂಬಂಧ ಇರುವ ಕಪ್ಪೆಯೂ ಒಂದಿದೆ, ದೂರದ ಆಸ್ಟ್ರೇಲಿಯಾದಲ್ಲಿ. ಮರಗಪ್ಪೆಗಳ ನೆಂಟನೇ ಅದು. ಬರ ಬಂದರೆ ಮೈತುಂಬ ನೀರು ಹಿಡಿದುಕೊಂಡು ನೆಲದಡಿ ಸೇರಿ, ಬಿಟ್ಟ ಪೊರೆಗಳನ್ನು ತಿನ್ನದೆ ಪದರ ಪದರವಾಗಿ ಮೈಗೇ ಸುತ್ತಿಕೊಂಡು ಚೀಲದೊಳಗೆ ಮಲಗುತ್ತದೆ. ಮಳೆ ಬಂದ ಮೇಲೆ ಎದ್ದು ಮೊದಲು ತಿನ್ನುವುದು ಆ ಚೀಲವನ್ನೇ. ಇಂಥದ್ದನ್ನು ಯಾರಾದರೂ ಅಗೆದು ತೆಗೆದು "ಚರ್ಮರೋಗ" ಅಂತ ಸುಲಿದರೆ ಕಥೆ ಮುಗಿಯಿತು.

ಊರಿನ ಕಪ್ಪೆಯನ್ನು ಡಬ್ಬಿಯಲ್ಲಿ ಸಾಕುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಮಕ್ಕಳು ಹಟ ಮಾಡಿದರೆ ಒಂದು ರಾತ್ರಿ ನೋಡಲಿ, ಮರುದಿನ ಕತ್ತಲಾದ ಮೇಲೆ ಹಿಡಿದ ಜಾಗದಲ್ಲೇ ಬಿಡಲಿ. ಗದ್ದೆಯಲ್ಲಿ ಅಗೆಯುವಾಗ ಬಿಲದ ಕಪ್ಪೆ ಎದ್ದು ಬಂದರೆ ಬಿಸಿಲಿಗೆ ಎಸೆಯದೆ, ಬದುವಿನ ನೆರಳಲ್ಲಿ ಸಡಿಲ ಹಸಿ ಮಣ್ಣಿನ ಮೇಲೆ ಇಡಿ. ಒಳಗೆ ಹೋಗುವ ಕೆಲಸ ಅದೇ ಮಾಡಿಕೊಳ್ಳುತ್ತದೆ.