ಧಣಿಗಳೇ, ಬಾಯಿ ಬಿಡಿ, ಲೆಕ್ಕವನ್ನೂ ಬಿಚ್ಚಿಡಿ!

ಉದ್ಯಮಿಗಳು ನಾಡಿನ ವಿಚಾರದಲ್ಲಿ ಮಾತಾಡಬಾರದೇ? ಧಾರಾಳವಾಗಿ ಮಾತಾಡಲಿ! ಆದರೆ ಅವರ ಮಾತಿಗೆ ಮಾತ್ರ ವಿಧಾನಸೌಧ ನಡುಗುವುದೇಕೆ?

2024ರ ಜುಲೈ 15ರಂದು ಸಚಿವ ಸಂಪುಟ ಸ್ಥಳೀಯರ ಉದ್ಯೋಗ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಆಡಳಿತ ಹುದ್ದೆಗಳಲ್ಲಿ ಶೇ. 50, ಉಳಿದವುಗಳಲ್ಲಿ ಶೇ. 70 ಸ್ಥಳೀಯರಿಗೆ. ಮೋಹನದಾಸ್ ಪೈ ಅದನ್ನು ‘ಫ್ಯಾಸಿಸ್ಟ್’ ಎಂದರು. ಕಂಪನಿಗಳು ಬೇರೆಡೆ ಹೋದಾವು ಎಂದು ನಾಸ್ಕಾಂ ಎಚ್ಚರಿಸಿತು. 17ರ ಸಂಜೆಗೆ ಮಸೂದೆ ಮೂಲೆ ಸೇರಿತು! ಸರೋಜಿನಿ ಮಹಿಷಿ ವರದಿಗಾಗಿ ಕನ್ನಡಿಗರು ನಾಲ್ಕು ದಶಕ ಬೀದಿಯಲ್ಲಿ ಕೂಗಿದರು. ಕೇಳಿದವರು ಯಾರು? ಬಡವನ ಸಿಟ್ಟು ದವಡೆಗೆ ಮೂಲ. ಧಣಿಯ ಸಿಟ್ಟು ಕಾಯಿದೆಗೇ ಮುಳುವು!

ಪ್ರತಿಭೆ ಬೇಕಂತೆ. ಅರ್ಹರು ಸಿಗದಿದ್ದರೆ ಮೂರು ವರ್ಷದೊಳಗೆ ತರಬೇತಿ ಕೊಟ್ಟು ಸೇರಿಸಿಕೊಳ್ಳಿ, ಸಾಲದಿದ್ದರೆ ವಿನಾಯಿತಿ ಕೇಳಿ ಎಂದು ಮಸೂದೆಯಲ್ಲೇ ಇತ್ತಲ್ಲ! ಮನೆಮಾತನ್ನೂ ಅದು ಕೇಳಿರಲಿಲ್ಲ. ಇಲ್ಲಿ ಹುಟ್ಟಿ, 15 ವರ್ಷ ನೆಲೆಸಿ, ಕನ್ನಡ ಓದು ಬರಹ ಬಲ್ಲವರೆಲ್ಲ ಸ್ಥಳೀಯರೇ. ಮನೆಯಲ್ಲಿ ತೆಲುಗಾಡುವ ಪಾವಗಡದ ಹುಡುಗನೂ ಅದರಲ್ಲಿದ್ದ.

ಆ ಪಾವಗಡದಲ್ಲೇ ಸುಮಾರು 13,000 ಎಕರೆ ಸೋಲಾರ್ ಪಾರ್ಕಿಗೆ ಹೋಯಿತು. 2,050 ಮೆಗಾವಾಟ್! ಜಮೀನಿದ್ದವನಿಗೆ ಗುತ್ತಿಗೆ ಹಣ ಬಂತು. ಅದೇ ಹೊಲದಲ್ಲಿ ಕೂಲಿ ಮಾಡುತ್ತಿದ್ದವನಿಗೆ? ಮಧುಗಿರಿ, ಶಿರಾ, ಕೊರಟಗೆರೆಯ ಮಕ್ಕಳು ಕೆಲಸ ಹುಡುಕಿ ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಇವರ ಪರ ಬಾಯಿ ಬಿಡುವ ಧಣಿ ಯಾರು?

ಮುಂದಿನ ಸಲ ಮಾತಾಡುವ ಮುನ್ನ, ನಿಮ್ಮಲ್ಲಿ ಕನ್ನಡಿಗರೆಷ್ಟು, ಯಾವ ಹುದ್ದೆಯಲ್ಲಿದ್ದಾರೆ ಎಂಬ ಪಟ್ಟಿಯನ್ನು ಗೇಟಿಗೆ ಅಂಟಿಸಿ. ಸರ್ಕಾರವೇ, ಅವರಿಗೆ ಕೊಟ್ಟ ಕಿವಿಯನ್ನು ನಮ್ಮ ಈ ನಾಲ್ಕು ತಾಲ್ಲೂಕಿಗೂ ಕೊಡು!