ಅನ್ಯಾಯದ ಬ್ಯಾಂಕ್ ಶುಲ್ಕವೂ ಕಾನೂನಿನ ಕಾಲಮಿತಿಯೂ

ಬ್ಯಾಂಕು ಅನ್ಯಾಯವಾಗಿ ಮುರಿದುಕೊಂಡ ಶುಲ್ಕವನ್ನು ಗ್ರಾಹಕನು ಎಷ್ಟು ವರ್ಷಗಳ ತನಕ ಮರಳಿ ಕೇಳಬಹುದು ಎಂಬುದು ಮೇಲ್ನೋಟಕ್ಕೆ ಒಂದೇ ಅಂಕಿಯಲ್ಲಿ ಉತ್ತರ ಮುಗಿಯುವ ಪ್ರಶ್ನೆ. ವಕೀಲರು ಆಡುಮಾತಿನಲ್ಲಿ ‘ಲಿಮಿಟೇಶನ್’ ಎನ್ನುವ 1963ರ ಕಾಲಮಿತಿ ಕಾಯ್ದೆಯು ಹಣದ ವಸೂಲಿಗೆ ಸಾಮಾನ್ಯವಾಗಿ ಮೂರು ವರ್ಷ ಕೊಡುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 69ನೇ ಕಲಂ ಎರಡು ವರ್ಷವಷ್ಟೇ ಕೊಟ್ಟು, ವಿಳಂಬಕ್ಕೆ ತಕ್ಕ ಕಾರಣವಿದ್ದರೆ ಮನ್ನಿಸುವ ಅಧಿಕಾರವನ್ನು ಗ್ರಾಹಕ ಆಯೋಗದ ಕೈಯಲ್ಲಿಡುತ್ತದೆ. ಆದರೆ ವರ್ಷಗಳು ಎರಡೋ ಮೂರೋ ಎಂಬುದಕ್ಕಿಂತ ಅವನ್ನು ಯಾವ ದಿನದಿಂದ ಎಣಿಸಬೇಕು ಎಂಬುದರ ಮೇಲೆಯೇ ಇಂಥ ವ್ಯಾಜ್ಯದ ಗೆಲುವು ಸೋಲುಗಳು ನಿಂತಿರುವುದರಿಂದ, ಆ ಎಣಿಕೆಯ ಆರಂಭವನ್ನೇ ಮೊದಲು ವಿಚಾರಿಸಬೇಕಾಗುತ್ತದೆ.

ಉಳಿತಾಯ ಖಾತೆಯ ಪಾಸ್‌ಬುಕ್ಕಿನಲ್ಲಿ ಮೂರು ತಿಂಗಳಿಗೊಮ್ಮೆ 17.70 ರೂಪಾಯಿಯ ಒಂದು ಸಾಲು ಕಾಣಿಸಿಕೊಳ್ಳುವುದುಂಟು. ಎಸ್ಸೆಮ್ಮೆಸ್ ಕಳಿಸಿದ್ದಕ್ಕೆ 15 ರೂಪಾಯಿ, ಅದರ ಮೇಲೆ ಶೇಕಡಾ 18ರ ಜಿಎಸ್‌ಟಿ 2.70. ಇಂಥ ಶುಲ್ಕವು ನಿಜವಾದ ಬಳಕೆಯನ್ನು ಆಧರಿಸಿರಬೇಕೆಂದು ರಿಸರ್ವ್ ಬ್ಯಾಂಕು 2013ರಲ್ಲಿಯೇ ಸೂಚಿಸಿತ್ತು. ಆದರೂ ನೂರು ಸಂದೇಶ ಪಡೆದವನಿಗೂ ಎರಡೇ ಪಡೆದವನಿಗೂ ಒಂದೇ ಮೊತ್ತ ಬೀಳುವ ಖಾತೆಗಳು ಇವೆ. ಮೂರು ವರ್ಷಗಳ ಹನ್ನೆರಡು ಕಂತು ಕೂಡಿದರೂ 212 ರೂಪಾಯಿ 40 ಪೈಸೆ. ಪಾಸ್‌ಬುಕ್ಕನ್ನು ವರ್ಷಕ್ಕೊಮ್ಮೆ ಯಂತ್ರಕ್ಕೆ ತೂರಿಸಿ ಕೊನೆಯ ಸಾಲಿನ ಬಾಕಿಯನ್ನಷ್ಟೇ ನೋಡುವ ಖಾತೆದಾರನ ಕಣ್ಣಿಗೆ ಇದು ಬೀಳುವುದೇ ಅಪರೂಪ, ಬಿದ್ದರೂ ಮೊಟಕುಗೊಳಿಸಿದ ಆ ಅಕ್ಷರಗಳ ಅರ್ಥ ಬಿಡಿಸುವುದು ಇನ್ನೂ ಅಪರೂಪ. ಪ್ರತಿಯೊಂದು ಕಡಿತಕ್ಕೂ ಅದರದೇ ವ್ಯಾಜ್ಯಕಾರಣ, ಅಂದರೆ ದಾವೆ ಹೂಡುವ ಹಕ್ಕನ್ನು ಹುಟ್ಟಿಸುವ ಘಟನೆ, ಇರುತ್ತದೆಂದು ಎಣಿಸಿದರೆ, ಗ್ರಾಹಕನು ಎಚ್ಚೆತ್ತುಕೊಳ್ಳುವ ಹೊತ್ತಿಗೆ ಅವನ ಹಕ್ಕು ಹಳೆಯ ತುದಿಯಿಂದ ಒಂದೊಂದೇ ಕಂತಾಗಿ ಉದುರಿಹೋಗಿರುತ್ತದೆ.

ಈ ತೊಂದರೆ ಕಾನೂನು ಮಾಡಿದವರಿಗೆ ತಿಳಿಯದ್ದೇನಲ್ಲ. ವಂಚನೆ ಅಥವಾ ತಪ್ಪು ತಿಳಿವಳಿಕೆಯಿಂದ ಹಣ ಹೋಗಿದ್ದರೆ ಅದು ಗೊತ್ತಾದ ದಿನದಿಂದ, ಇಲ್ಲವೇ ತಕ್ಕಮಟ್ಟಿನ ಎಚ್ಚರ ವಹಿಸಿದ್ದರೆ ಗೊತ್ತಾಗಬಹುದಾಗಿದ್ದ ದಿನದಿಂದ, ಅವಧಿ ಆರಂಭವಾಗುತ್ತದೆಂದು ಕಾಲಮಿತಿ ಕಾಯ್ದೆಯ 17ನೇ ಕಲಂ ಹೇಳುತ್ತದೆ. ಆದರೆ ಆ ‘ತಕ್ಕಮಟ್ಟಿನ ಎಚ್ಚರ’ ಎಂಬ ಮಾತಿನಲ್ಲಿಯೇ ಬ್ಯಾಂಕಿಗೆ ಬೇಕಾದ ಆಸರೆಯೂ ಇದೆ: ಪಾಸ್‌ಬುಕ್ಕಿನಲ್ಲಿ ಅಚ್ಚಾದದ್ದನ್ನು ಬಚ್ಚಿಟ್ಟದ್ದು ಎನ್ನಲಾಗದು ಎಂದು ವಾದಿಸಿದರೆ ಅದನ್ನು ತಳ್ಳಿಹಾಕುವುದು ಸುಲಭವಲ್ಲ.

ಇನ್ನೊಂದು ಕಡೆಯಿಂದ ನೋಡಿದರೆ, ಕಾಲಮಿತಿಯ ವಿಷಯದಲ್ಲಿ ಬ್ಯಾಂಕುಗಳಷ್ಟು ಎಚ್ಚರವಾಗಿರುವ ಸಂಸ್ಥೆ ಬೇರೊಂದಿರಲಾರದು. ಸಾಲ ಪಡೆದವನಿಂದ ಮೂರು ವರ್ಷ ತುಂಬುವ ಮೊದಲೇ ‘ಬಾಕಿ ಇರುವುದು ನಿಜ’ ಎಂಬ ಕಾಗದಕ್ಕೆ ಶಾಖೆಯವರು ಸಹಿ ಹಾಕಿಸಿಕೊಳ್ಳುತ್ತಾರೆ. ಲಿಖಿತವಾಗಿ ಸಾಲವನ್ನು ಒಪ್ಪಿಕೊಂಡ ದಿನದಿಂದ ಹೊಸ ಅವಧಿ ಶುರುವಾಗುತ್ತದೆಂಬ 18ನೇ ಕಲಮಿನ ಉಪಯೋಗ ಅದು. ಯಾವುದಕ್ಕೆ ಸಹಿ ಎಂದು ಕೇಳದೆ ಹೆಬ್ಬೆಟ್ಟು ಒತ್ತಿ ಬಂದ ರೈತರಿಗೆ ಲೆಕ್ಕವಿಲ್ಲ. ಸಹಿ ತಪ್ಪಿಹೋಗಿ ಸಾಲ ಅವಧಿ ಮೀರಿದರೂ ಬ್ಯಾಂಕು ಪೂರ್ತಿ ಬರಿಗೈಯಾಗುವುದಿಲ್ಲ. ಪಂಜಾಬ್ ನ್ಯಾಷನಲ್ ಬ್ಯಾಂಕ್ ಮತ್ತು ಸುರೇಂದ್ರ ಪ್ರಸಾದ್ ಸಿನ್ಹಾ ನಡುವಣ ಪ್ರಕರಣದಲ್ಲಿ, ಜಾಮೀನುದಾರನ ಠೇವಣಿಯನ್ನು ಅವಧಿ ಮೀರಿದ ಸಾಲಕ್ಕೆ ಹೊಂದಿಸಿಕೊಂಡದ್ದನ್ನು ಸುಪ್ರೀಂ ಕೋರ್ಟ್ 1992ರಲ್ಲಿ ತಪ್ಪೆನ್ನಲಿಲ್ಲ. ಕಾಲಮಿತಿಯು ದಾವೆಯ ದಾರಿಯನ್ನು ಮುಚ್ಚುತ್ತದೆಯೇ ಹೊರತು ಹಕ್ಕನ್ನು ಅಳಿಸುವುದಿಲ್ಲ ಎಂಬುದು ಅದರ ತರ್ಕ. ತರ್ಕದಲ್ಲಿ ದೋಷವಿಲ್ಲ. ಆದರೆ ಅದರ ಫಲವನ್ನು ಗಮನಿಸಬೇಕು: ಹಣ ಯಾರ ಕೈಯಲ್ಲಿದೆಯೋ ಅವರಿಗೆ ಕೋರ್ಟಿನ ಬಾಗಿಲು ಮುಚ್ಚಿದರೂ ನಷ್ಟವಿಲ್ಲ, ಏಕೆಂದರೆ ಅವರಿಗೆ ಕೋರ್ಟೇ ಬೇಕಿಲ್ಲ. ಗ್ರಾಹಕನ ಹಕ್ಕೂ ಅಳಿಯದೆ ಉಳಿದಿರುತ್ತದೆ ಎಂಬುದು ಮಾತಿಗೆ ಸರಿ. ಅದನ್ನು ಚಲಾಯಿಸಲು ಅವನ ಕೈಯಲ್ಲಿ ಯಾವ ಖಾತೆಯೂ ಇಲ್ಲ.

ಹೀಗಿರುವಾಗ ಗ್ರಾಹಕನ ಪರವಾದ ಬಲವಾದ ವಾದವು ವಂಚನೆಯ ಕಲಮಿನಲ್ಲಲ್ಲ, ಠೇವಣಿ ಎಂದರೇನು ಎಂಬ ಮೂಲ ಪ್ರಶ್ನೆಯಲ್ಲಿಯೇ ದೊರೆಯುತ್ತದೆ. ಖಾತೆಗೆ ಕಟ್ಟಿದ ಹಣವನ್ನು ಬ್ಯಾಂಕು ಪೆಟ್ಟಿಗೆಯಲ್ಲಿ ಕಾದಿಡುವುದಿಲ್ಲ. ಅದು ಬ್ಯಾಂಕಿಗೆ ಕೊಟ್ಟ ಸಾಲ, ಬ್ಯಾಂಕು ಸಾಲಗಾರ, ಖಾತೆದಾರ ಸಾಲ ಕೊಟ್ಟವನು ಎಂಬುದು 1848ರಲ್ಲಿ ಇಂಗ್ಲೆಂಡಿನ ಫೋಲಿ ಮತ್ತು ಹಿಲ್ ಪ್ರಕರಣದಿಂದ ನೆಲೆನಿಂತು ಭಾರತದಲ್ಲೂ ಒಪ್ಪಿತವಾದ ತತ್ವ. ಸಾಲ ಪಡೆದವನು ತನ್ನ ಕಡತದಲ್ಲಿ ತಾನೇ ‘ಇಷ್ಟು ತೀರಿತು’ ಎಂದು ಬರೆದುಕೊಂಡ ಮಾತ್ರಕ್ಕೆ ಸಾಲ ತೀರುವುದಿಲ್ಲ. ಅಧಿಕಾರವಿಲ್ಲದೆ ಬ್ಯಾಂಕು ಮಾಡಿದ ಕಡಿತವೂ ಅಷ್ಟೇ: ಅದು ಲೆಡ್ಜರಿನ ಮೇಲಿನ ಬರಹ ಮಾತ್ರ, ಖಾತೆದಾರನ ಹಣ ಕಾನೂನಿನ ದೃಷ್ಟಿಯಲ್ಲಿ ಮೊದಲಿದ್ದಲ್ಲೇ ಇದೆ. ಕಾಲಮಿತಿ ಕಾಯ್ದೆಯ ಅನುಸೂಚಿಯ 22ನೇ ಅನುಚ್ಛೇದವು, ಕೇಳಿದಾಗ ಕೊಡಬೇಕಾದ ಠೇವಣಿಗೆ, ಬ್ಯಾಂಕಿನ ಕೈಯಲ್ಲಿರುವ ಗ್ರಾಹಕನ ಹಣವೂ ಸೇರಿದಂತೆ, ಮೂರು ವರ್ಷದ ಅವಧಿಯನ್ನು ಕೇಳಿದ ದಿನದಿಂದ ಎಣಿಸಬೇಕೆನ್ನುತ್ತದೆ. ಹತ್ತು ವರ್ಷ ಯಾರೂ ಕೇಳದ ಠೇವಣಿ 2014ರಿಂದ ರಿಸರ್ವ್ ಬ್ಯಾಂಕಿನ ನಿಧಿಗೆ ವರ್ಗವಾಗುತ್ತದಾದರೂ ಅದನ್ನು ಆಮೇಲೂ ಕೇಳಿ ಪಡೆಯಬಹುದು. ಇಡೀ ಠೇವಣಿಗೆ ಇರುವ ಈ ಉದಾರತೆ ಅದರಿಂದ ಅಕ್ರಮವಾಗಿ ಕಿತ್ತ ಒಂದು ಚೂರಿಗೆ ಏಕೆ ಇರಬಾರದು ಎಂಬುದಕ್ಕೆ ಸಮಾಧಾನಕರ ಉತ್ತರ ಸಿಗುವುದಿಲ್ಲ.

ಖಾತೆದಾರನು ಇಷ್ಟು ದಿನ ಸುಮ್ಮನಿದ್ದನಲ್ಲ, ಅದೇ ಒಪ್ಪಿಗೆಯಲ್ಲವೇ ಎಂಬ ಆಕ್ಷೇಪಕ್ಕೆ ಮಂಗಳೂರಿನದೇ ಒಂದು ಪ್ರಕರಣ ಉತ್ತರ ಕೊಡುತ್ತದೆ. ಕೆನರಾ ಸೇಲ್ಸ್ ಕಾರ್ಪೊರೇಷನ್ನಿನ ಖಾತೆಯಿಂದ, ಅದರ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದವನೇ ಖೋಟಾ ಸಹಿ ಹಾಕಿದ 42 ಚೆಕ್ಕುಗಳ ಮೂಲಕ ಮೂರು ಲಕ್ಷಕ್ಕೂ ಹೆಚ್ಚು ರೂಪಾಯಿ ಹೊರಹೋಗಿತ್ತು, ಪಾಸ್‌ಶೀಟುಗಳು ಬರುತ್ತಲೇ ಇದ್ದರೂ ಕಂಪನಿಯವರಿಗೆ ಪತ್ತೆಯಾಗಿರಲಿಲ್ಲ. ಪಾಸ್‌ಬುಕ್ಕನ್ನು ಪರಿಶೀಲಿಸಿ ತಪ್ಪು ಹುಡುಕಿಕೊಡುವ ಕರ್ತವ್ಯ ಗ್ರಾಹಕನದಲ್ಲ, ಬರಿಯ ಮೌನದಿಂದ ಬ್ಯಾಂಕಿನ ಹೊಣೆ ತಪ್ಪುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1987ರಲ್ಲಿ ತೀರ್ಪಿತ್ತು, ನಷ್ಟವನ್ನು ಬ್ಯಾಂಕಿನ ಮೇಲೆಯೇ ಹೊರಿಸಿತು. ಖೋಟಾ ಚೆಕ್ಕಿಗೂ ಶುಲ್ಕಕ್ಕೂ ವ್ಯತ್ಯಾಸವಿದೆ ಎಂಬುದು ನಿಜ. ಆದರೆ ಗ್ರಾಹಕನ ಆದೇಶವಿಲ್ಲದೆ ಹಣ ಹೋಯಿತೆಂಬ ಅಂಶ ಎರಡಕ್ಕೂ ಸಮಾನ.

ಈ ವಾದದ ಮಿತಿಯೂ ಇಲ್ಲಿಯೇ ಇದೆ. ಅದು ಅಧಿಕಾರವಿಲ್ಲದ ಕಡಿತಕ್ಕೆ ಸಲ್ಲುತ್ತದೆ, ದುಬಾರಿಯಾದರೂ ಕರಾರಿನಲ್ಲಿ ಬರೆದಿರುವ ಕಡಿತಕ್ಕೆ ಸಲ್ಲದು. ಕನಿಷ್ಠ ಬಾಕಿ ಇಡದವರ ಮೇಲಿನ ದಂಡ ಇವೆರಡರ ಗಡಿಯಲ್ಲಿ ನಿಲ್ಲುತ್ತದೆ. 2014ರ ನವೆಂಬರಿನಲ್ಲಿ ರಿಸರ್ವ್ ಬ್ಯಾಂಕು ಹೊರಡಿಸಿದ ಸೂಚನೆಯಂತೆ ಬಾಕಿ ಇಳಿದಾಗ ಗ್ರಾಹಕನಿಗೆ ತಿಳಿಸಿ, ತುಂಬಲು ಒಂದು ತಿಂಗಳಾದರೂ ಕೊಟ್ಟು, ಆಮೇಲೆ ಕೊರತೆಯ ಮೊತ್ತಕ್ಕೆ ಅನುಗುಣವಾಗಿ ದಂಡ ಹಾಕಬೇಕು. ದಂಡದಿಂದಲೇ ಖಾತೆ ಸೊನ್ನೆಗಿಂತ ಕೆಳಗೆ ಇಳಿಯಬಾರದು. ಹೀಗೆ ತಿಳಿಸದೆ ಮುರಿದದ್ದು ಅಧಿಕಾರವಿಲ್ಲದ್ದು, ತಿಳಿಸಿ ಮುರಿದದ್ದು ಕರಾರಿನದು. ಸಾರ್ವಜನಿಕ ವಲಯದ ಬ್ಯಾಂಕುಗಳು 2019-20ರಿಂದ ಐದು ವರ್ಷಗಳಲ್ಲಿ ಈ ಬಾಬತ್ತಿನಿಂದಲೇ ಸುಮಾರು 8,500 ಕೋಟಿ ರೂಪಾಯಿ ಸಂಗ್ರಹಿಸಿದ್ದನ್ನು ಸರ್ಕಾರ ಸಂಸತ್ತಿಗೆ ತಿಳಿಸಿದೆ. 2025ರ ಜೂನ್‌ನಿಂದ ಕೆನರಾ ಬ್ಯಾಂಕು ಅದನ್ನು ಕೈಬಿಟ್ಟಿತು. ಕರಾರಿನ ಷರತ್ತೇ ಅನ್ಯಾಯವೆಂದು ಸಾಧಿಸುವ ದಾರಿಯನ್ನು 2019ರ ಕಾಯ್ದೆ ತೆರೆದಿದೆಯಾದರೂ, ಆ ಪ್ರಶ್ನೆಯನ್ನು ನಿರ್ಣಯಿಸುವ ಅಧಿಕಾರ ಜಿಲ್ಲಾ ಆಯೋಗಕ್ಕಿಲ್ಲ, ರಾಜ್ಯ ಆಯೋಗದಿಂದ ಮೇಲಕ್ಕಷ್ಟೇ ಇದೆ. ಮುನ್ನೂರು ರೂಪಾಯಿಯ ದಂಡಕ್ಕಾಗಿ ಬೀದರಿನ ಖಾತೆದಾರನು ರಾಜ್ಯ ಆಯೋಗಕ್ಕೆ ಅರ್ಜಿ ಹಾಕಲಿ ಎಂದು ಶಾಸನಕರ್ತರು ನಿಜವಾಗಿಯೂ ಬಯಸಿದ್ದರೇ ಎಂಬುದು ಬೇರೆ ಮಾತು. ಬ್ರಿಟನ್ನಿನಲ್ಲಿ ಆರು ವರ್ಷ ಹಿಂದಿನವರೆಗಿನ ಶುಲ್ಕ ಮರಳಿ ಕೇಳಿ ಅಸಂಖ್ಯ ಜನ ಬ್ಯಾಂಕುಗಳ ಬೆನ್ನುಬಿದ್ದಾಗಲೂ ಕಡೆಗೆ ಎದುರಾದದ್ದು ಕರಾರಿನ ಇದೇ ಗೋಡೆ: 2009ರ ನವೆಂಬರಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಆ ಶುಲ್ಕವು ಸೇವೆಯ ಬೆಲೆಯ ಭಾಗ, ಬೆಲೆ ಹೆಚ್ಚೆಂಬ ಕಾರಣಕ್ಕೆ ಅದರ ನ್ಯಾಯಾನ್ಯಾಯ ಅಳೆಯಲಾಗದು ಎಂದಿತು.

ಕೇಳಿದ ದಿನದಿಂದ ಅವಧಿ ಎಣಿಸುವ ನಿಯಮ ಎರಡಲಗಿನ ಕತ್ತಿಯೂ ಹೌದು. ಬ್ಯಾಂಕಿಗೆ ಪತ್ರ ಬರೆದ ದಿನದಿಂದ ಮೂರು ವರ್ಷ ಓಡತೊಡಗುತ್ತವೆ. ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರಗಳು ಎಷ್ಟು ಬಂದರೂ ಅವು ನಿಲ್ಲುವುದಿಲ್ಲ, ಬರಿಯ ಪತ್ರವ್ಯವಹಾರ ಕಾಲಮಿತಿಯನ್ನು ಹಿಗ್ಗಿಸದೆಂದು ನ್ಯಾಯಾಲಯಗಳು ಮತ್ತೆ ಮತ್ತೆ ಹೇಳಿವೆ. ಖರ್ಚಿಲ್ಲದ ದಾರಿಯಾದ ಒಂಬುಡ್ಸ್‌ಮನ್, ಅಂದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸಲು ರಿಸರ್ವ್ ಬ್ಯಾಂಕು ನೇಮಿಸಿದ ಅಧಿಕಾರಿ, ಕೂಡ ಮೊದಲು ಕೇಳುವುದು ಬ್ಯಾಂಕಿಗೆ ಬರೆದ ದೂರನ್ನೇ. 2021ರ ಯೋಜನೆಯ ಪ್ರಕಾರ ಆ ದೂರು ಕಾಲಮಿತಿ ಕಾಯ್ದೆಯ ಅವಧಿಯೊಳಗೆ ಬ್ಯಾಂಕಿಗೆ ಮುಟ್ಟಿರಬೇಕು, ಮೂವತ್ತು ದಿನ ಉತ್ತರಕ್ಕೆ ಕಾದಿರಬೇಕು. ಹೀಗಾಗಿ ಯಾವ ದಾರಿ ಹಿಡಿದರೂ ಮೊದಲ ಸಾಕ್ಷ್ಯವೆಂದರೆ ಪತ್ರದ ಎರಡನೆಯ ಪ್ರತಿ. ಕೌಂಟರಿನವರು ಮೇಲ್ಪ್ರತಿಯನ್ನು ಒಳಗೆ ಎಳೆದುಕೊಂಡು, ಈ ಪ್ರತಿಯನ್ನು ಮುಟ್ಟದೆ ಹಿಂದಿರುಗಿಸುವ ಮೊದಲೇ ಅದರ ಮೇಲೆ ಶಾಖೆಯ ಮೊಹರು, ಕಿರುಸಹಿ ಮತ್ತು ಆ ದಿನದ ತಾರೀಖು ಬಿದ್ದಿರಬೇಕು.